ಪಾಸ್ ಮೇಲೆ ಎಂಟು ನಿಮಿಷ ಕಾದ ಕಾರ್ಬೊನಾರಾ

ಆ ಪ್ಲೇಟ್ ಈಗಲೂ ಕಣ್ಣ ಮುಂದಿದೆ. ಮುಕ್ಕಾಲು ಭಾಗ ಸ್ಪಾಗೆಟ್ಟಿ ಹಾಗೇ ಉಳಿದಿತ್ತು. ಫೋರ್ಕನ್ನು ನೀಟಾಗಿ ಒಂದು ಪಕ್ಕಕ್ಕೆ ಇಟ್ಟಿದ್ದರು. ಊಟಕ್ಕೆ ಬಂದವರು ಒಂದು ದೂರನ್ನೂ ಹೇಳದೆ ಬಿಲ್ ಕೊಟ್ಟು ಹೋಗಿದ್ದರು. ಅದನ್ನು ಮಾಡಿ ಕಳಿಸಿದವನು ನಾನು.

ನಾನು ಒಂದು ಇಟಾಲಿಯನ್ ರೆಸ್ಟೋರೆಂಟಿನಲ್ಲಿ ಪಾಸ್ತಾ ಸ್ಟೇಷನ್ ನೋಡಿಕೊಳ್ಳುತ್ತೇನೆ. ಅವತ್ತು ಶನಿವಾರ. ಬುಕಿಂಗ್ ಫುಲ್, ಅದರ ಮೇಲೆ ವಾಕ್-ಇನ್ ಬೇರೆ. ಎಂಟೂಮುಕ್ಕಾಲರ ಹೊತ್ತಿಗೆ ನಾಲ್ಕು ಜನರ ಟೇಬಲಿನ ಟಿಕೆಟ್, ಅಂದರೆ ಆರ್ಡರ್, ಬಂತು. ಎರಡು ಮಾರ್ಗೆರೀಟಾ ಪಿಜ್ಜಾ, ಒಂದು ಮಿಲಾನೀಸ್ ರಿಸೊಟ್ಟೊ (ಸ್ಟಾಕ್‌ನಲ್ಲಿ ಬೇಯಿಸುವ ಅನ್ನ), ಒಂದು ಕಾರ್ಬೊನಾರಾ (ಮೊಟ್ಟೆ, ಚೀಸ್ ಸಾಸಿನ ಸ್ಪಾಗೆಟ್ಟಿ). ನಾಲ್ಕೂ ಒಟ್ಟಿಗೇ ಟೇಬಲಿಗೆ ಹೋಗಬೇಕು.

ಪಿಜ್ಜಾಗೆ ಒಲೆಯಲ್ಲಿ ಒಂದೂವರೆ ನಿಮಿಷ ಸಾಕು. ನನ್ನ ಸ್ಪಾಗೆಟ್ಟಿಗೆ ಒಂಬತ್ತು. ರಿಸೊಟ್ಟೊಗೆ ಬೇಸ್, ಅಂದರೆ ಅರ್ಧ ಬೇಯಿಸಿಟ್ಟ ಅಕ್ಕಿ, ರೆಡಿ ಇದ್ದರೆ ಆರೇಳು ನಿಮಿಷ, ಇಲ್ಲದಿದ್ದರೆ ಹಸಿ ಅಕ್ಕಿಯಿಂದ ಹದಿನೆಂಟು. ಪಕ್ಕದ ಸ್ಟೇಷನ್ ಹುಡುಗ ಕೂಗಿ ಹೇಳಿದ: "ಬೇಸ್ ಮುಗೀತು, ಹೊಸದಾಗಿ ಹಾಕ್ತಿದ್ದೀನಿ." ನನಗೆ ಸ್ಪಷ್ಟವಾಗಿ ಕೇಳಿಸಿತು. ಆದರೂ ಆ ಕ್ಷಣವೇ ಪಾಸ್ತಾ ನೀರಿಗೆ ಬಿಟ್ಟೆ. ಬರ್ನರ್ ಖಾಲಿ ಇತ್ತು. ಈ ಕೆಲಸ ಮುಗಿಸಿಬಿಟ್ಟರೆ ಮುಂದಿನ ನಾಲ್ಕು ಟಿಕೆಟ್‌ಗೆ ಕೈ ಸಿಗುತ್ತದೆ ಅಂದುಕೊಂಡೆ. ಬೇರೆ ಯಾವ ಪಾಸ್ತಾ ಆಗಿದ್ದರೂ ನಡೆಯುತ್ತಿತ್ತೇನೋ. ಟೊಮ್ಯಾಟೊ ಸಾಸ್ ಎರಡು ನಿಮಿಷ ಕಾಯುತ್ತದೆ. ಕಾರ್ಬೊನಾರಾ ಕಾಯುವುದಿಲ್ಲ.

ಮಾಡಿದ್ದನ್ನು ಸರಿಯಾಗಿಯೇ ಮಾಡಿದ್ದೆ. ಗ್ವಾಂಚಾಲೆ (ಉಪ್ಪು ಹಚ್ಚಿ ಒಣಗಿಸಿದ ಹಂದಿ ಕೆನ್ನೆ ಮಾಂಸ) ಗರಿಗರಿಯಾಗಿತ್ತು. ಪಾಸ್ತಾವನ್ನು ಒಂದು ನಿಮಿಷ ಮುಂಚೆಯೇ ತೆಗೆದೆ. ಉರಿ ಆರಿಸಿದ ಮೇಲೆ ಮೊಟ್ಟೆಯ ಹಳದಿ, ಪೆಕೊರಿನೊ ಚೀಸ್, ಪಾಸ್ತಾ ಬೇಯಿಸಿದ ನೀರು ಹಾಕಿ ಟಾಸ್ ಮಾಡಿದೆ. ಹಳದಿ ಸುಮಾರು 65 ಡಿಗ್ರಿಯಲ್ಲಿ ದಪ್ಪ ಆಗಲು ಶುರುವಾಗುತ್ತದೆ, 70ರ ಹೊತ್ತಿಗೆ ಗಟ್ಟಿಯಾಗಿಬಿಡುತ್ತದೆ. ಸಾಸ್ ಬದುಕಿರುವುದು ಆ ಐದು ಡಿಗ್ರಿಯ ಸಂದಿಯಲ್ಲಿ. ಅವತ್ತು ಪ್ಯಾನಿನಿಂದ ಪ್ಲೇಟಿಗೆ ಇಳಿಸಿದಾಗ ರೇಷ್ಮೆಯಂತೆ ಹೊಳೆಯುತ್ತಿತ್ತು. ಅಂಥದ್ದನ್ನು ಪಾಸ್ ಮೇಲೆ, ಅಂದರೆ ರೆಡಿಯಾದ ಪ್ಲೇಟುಗಳು ಸರ್ವರ್‌ಗಾಗಿ ಕಾಯುವ ಕಟ್ಟೆಯ ಮೇಲೆ, ಹೀಟ್ ಲ್ಯಾಂಪ್ ಕೆಳಗೆ ಇಟ್ಟೆ.

ಮೂರನೇ ನಿಮಿಷಕ್ಕೆ ಹೊಳಪು ಹೋಯಿತು. ಐದಕ್ಕೆ ಎಳೆಗಳು ಒಂದಕ್ಕೊಂದು ಅಂಟಿಕೊಂಡವು. ನಾನು ಬೇರೆ ಪ್ಯಾನ್ ಆಡಿಸುತ್ತಾ ಪದೇ ಪದೇ ಪಾಸ್ ಕಡೆ ನೋಡುತ್ತಿದ್ದೆ. ರಿಸೊಟ್ಟೊ ಹುಡುಗ ಇನ್ನೂ ಸ್ಟಾಕ್ ಸುರಿಯುತ್ತಲೇ ಇದ್ದ. ಅವನದೇನೂ ತಪ್ಪಿಲ್ಲ, ಅಕ್ಕಿ ಬೇಯುವಷ್ಟು ಹೊತ್ತು ಬೇಕೇ ಬೇಕು. ತಲೆ ಮೇಲಿನ ಸ್ಕ್ರೀನಿನಲ್ಲಿ ನಮ್ಮ ಟಿಕೆಟ್ ಹಳದಿಯಿಂದ ಕೆಂಪಿಗೆ ತಿರುಗಿತು.

ಎಂಟನೇ ನಿಮಿಷಕ್ಕೆ ಪ್ಲೇಟ್ ಎಳೆದುಕೊಂಡೆ. ಅದನ್ನು ಬಿನ್‌ಗೆ ಹಾಕಿ ರೀಫೈರ್ ಕೊಡಬೇಕಿತ್ತು, ಅಂದರೆ ಮೊದಲಿಂದ ಹೊಸದಾಗಿ ಮಾಡಬೇಕಿತ್ತು. ಕೈ ಬಿನ್ ಕಡೆಗೆ ಹೋಗಿತ್ತು ಕೂಡ. ಇನ್ನೊಂದು ಒಂಬತ್ತು ನಿಮಿಷ ಆಗುತ್ತಲ್ಲ ಅಂತ ಅದೇ ಕೈ ಪ್ಯಾನ್ ಕಡೆಗೆ ತಿರುಗಿತು. ಒಂದು ಸೌಟು ಪಾಸ್ತಾ ನೀರು ಹಾಕಿ ಉರಿ ಹಚ್ಚಿದೆ. ಇಪ್ಪತ್ತು ಸೆಕೆಂಡ್ ಆಗಿರಬೇಕು, ಅಷ್ಟರಲ್ಲಿ ಮೊಟ್ಟೆ ಸಣ್ಣ ಸಣ್ಣ ಕಾಳಾಗಿ ಒಡೆಯಿತು. ಆಗ ಕ್ರೀಮ್ ಬಾಟಲ್ ಎತ್ತಿಕೊಂಡೆ. ಎರಡು ಸುತ್ತು ಸುರಿದೆ. ಕಾಳುಗಳು ಬಿಳಿ ಸಾಸಿನೊಳಗೆ ಮುಚ್ಚಿಹೋದವು. ಮೇಲೆ ಪೆಕೊರಿನೊ ಉದುರಿಸಿ, ಅಂಚು ಒರೆಸಿ, ಬೆಲ್ ಹೊಡೆದೆ. ರುಚಿ ನೋಡಲಿಲ್ಲ. ಚಮಚ ಕೈಗೆ ಸಿಗುವಲ್ಲೇ ಇತ್ತು. ನೋಡಿದರೆ ಕಳಿಸೋಕೆ ಆಗಲ್ಲ ಅಂತ ನನಗೆ ಗೊತ್ತಿತ್ತು.

ಪ್ಲೇಟ್ ವಾಪಸ್ ತಂದ ಸರ್ವರ್ ಹುಡುಗಿಯ ಮುಖ ಬಾಡಿತ್ತು. ಅದನ್ನು ತರಿಸಿಕೊಂಡಿದ್ದ ಹೆಂಗಸು ಆರ್ಡರ್ ಮಾಡುವ ಮುಂಚೆ ಅವಳನ್ನೇ ಕೇಳಿದ್ದರಂತೆ, ಇದರಲ್ಲಿ ಕ್ರೀಮ್ ಇದೆಯಾ ಅಂತ. ಇಲ್ಲ, ರೋಮ್‌ನಲ್ಲಿ ಮಾಡುವ ಹಾಗೆ ಬರೀ ಮೊಟ್ಟೆ, ಚೀಸ್, ಮೆಣಸು, ಗ್ವಾಂಚಾಲೆ ಅಂತ ಇವಳು ಖುಷಿಯಿಂದ ವಿವರಿಸಿದ್ದಳು. ಅದಕ್ಕೇ ಅವರು ಅದನ್ನು ಆರಿಸಿದ್ದು. ಊಟದ ಮಧ್ಯೆ ಹೇಗಿದೆ ಅಂತ ಕೇಳಿದಾಗ "ಚೆನ್ನಾಗಿದೆ" ಅಂದು ನಕ್ಕರಂತೆ. "ನಾನು ಸುಳ್ಳು ಹೇಳಿದ ಹಾಗಾಯ್ತಲ್ವಾ?" ಅಂತ ನನ್ನನ್ನು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಪ್ಯಾನಿನಲ್ಲಿ ಅಂಟಿಕೊಂಡಿದ್ದನ್ನು ಶೆಫ್ ಚಮಚದಲ್ಲಿ ತೆಗೆದು ಬಾಯಿಗಿಟ್ಟರು. ಬೈಯಲಿಲ್ಲ. "ರಿಸೊಟ್ಟೊ ಎಷ್ಟು ನಿಮಿಷ ಅಂತ ಯಾಕೆ ಕೇಳಲಿಲ್ಲ ನೀನು?" ಅಂದರು. "ಗೊತ್ತಿತ್ತು ಶೆಫ್" ಅಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಹೋದರು. ಬೈದಿದ್ದರೆ ಎಷ್ಟೋ ಹಗುರ ಅನ್ನಿಸುತ್ತಿತ್ತು.

ತಪ್ಪು ನನ್ನದೇ. ಆದರೂ ಆ ಸ್ಕ್ರೀನ್ ಬಗ್ಗೆ ಹೇಳಲೇಬೇಕು. ಅದು ಬರುವ ಮುಂಚೆ ಶೆಫ್ ಪಾಸ್‌ನಲ್ಲಿ ನಿಂತು ಯಾವುದು ಯಾವಾಗ ಶುರು ಮಾಡಬೇಕು ಅಂತ ಕೂಗುತ್ತಿದ್ದರು. ಈಗ ಟಿಕೆಟ್ ಎಲ್ಲ ಸ್ಟೇಷನ್‌ಗೂ ಒಂದೇ ಸಲ ಬೀಳುತ್ತದೆ. ಹದಿನೈದು ನಿಮಿಷ ದಾಟಿದರೆ ಕೆಂಪು. ಕೆಂಪಾದ ಟಿಕೆಟ್‌ಗಳ ಲೆಕ್ಕ ವಾರಕ್ಕೊಮ್ಮೆ ಮ್ಯಾನೇಜರ್ ಟೇಬಲ್ಲಿಗೆ ಹೋಗುತ್ತದೆ. ರೀಫೈರ್ ಮಾಡಿದರೆ ವೇಸ್ಟೇಜ್ ಶೀಟಿನಲ್ಲಿ ಹೆಸರು ಬರುತ್ತದೆ. ಮುಕ್ಕಾಲು ಊಟ ಉಳಿದು ವಾಪಸ್ ಬಂದ ಪ್ಲೇಟ್ ಮಾತ್ರ ಎಲ್ಲೂ ದಾಖಲಾಗುವುದಿಲ್ಲ. ನಿಜವಾದ ನಷ್ಟ ಅದೇ ಅಲ್ವಾ? ಆ ಹೆಂಗಸು ಮತ್ತೆ ಬಂದಿಲ್ಲ ಅನ್ನುವುದು ಯಾವ ರಿಪೋರ್ಟಿನಲ್ಲಿದೆ? ಇದನ್ನು ಮೀಟಿಂಗಿನಲ್ಲಿ ಹೇಳಿದೆ. ನೋಡೋಣ ಅಂದರು.

ಅವರು ನೋಡುವವರೆಗೆ ಕಾಯಲು ಮನಸ್ಸು ಬರಲಿಲ್ಲ. ಈಗ ಪಕ್ಕದ ಹುಡುಗ "ಒಂಬತ್ತು" (ಅಂದರೆ ಇನ್ನು ಒಂಬತ್ತು ನಿಮಿಷ) ಅಂತ ಕೂಗುವವರೆಗೆ ನಾನು ಕಾರ್ಬೊನಾರಾದ ಪಾಸ್ತಾ ನೀರಿಗೆ ಬಿಡುವುದಿಲ್ಲ, ಸ್ಕ್ರೀನ್ ಯಾವ ಬಣ್ಣಕ್ಕೆ ಬೇಕಾದರೂ ತಿರುಗಲಿ. ಡಿಶ್‌ವಾಶ್ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇವೆ. ಅರ್ಧಕ್ಕಿಂತ ಜಾಸ್ತಿ ಉಳಿದು ಬಂದ ಪ್ರತಿ ಪ್ಲೇಟಿಗೂ ಅಲ್ಲಿ ಒಂದು ಗೀಟು, ಪಕ್ಕದಲ್ಲಿ ಡಿಶ್ ಹೆಸರು. ಪಾತ್ರೆ ತೊಳೆಯುವವರೇ ಬರೆಯುತ್ತಾರೆ, ಅವರ ಕಣ್ಣು ತಪ್ಪಿಸಿ ಏನೂ ಹೋಗುವುದಿಲ್ಲ. ಕಳೆದ ಶನಿವಾರ ಮೂರು ಗೀಟು ಇದ್ದವು. ಎರಡು ರಿಸೊಟ್ಟೊ. ಇನ್ನೊಂದು ನನ್ನದು, ಕಾಚೊ ಎ ಪೆಪೆ, ಚೀಸ್ ಮತ್ತು ಮೆಣಸಿನ ಪಾಸ್ತಾ. ಚೀಸ್ ಗಂಟಾಗಿತ್ತು.