ಹೊತ್ತು ನೋಡಿ ಬಾಜಿ ಹೇಳಿ

ಕಲ್ಯಾಣ ಮಂಟಪ ಗೊತ್ತಾದ ಮರುದಿನವೇ ಮನೆಯಲ್ಲಿ ಏಳುವ ಪ್ರಶ್ನೆ: "ಬಾಜಿ ಯಾರಿಗೆ ಹೇಳೋದು, ಎಷ್ಟು ತಗೋತಾರ?" ಬಾಜಿ ಎಂದರೆ ಮದುವೆಯ ವಾದ್ಯಮೇಳ. ರೊಕ್ಕದ ಮಾತು ಆಮೇಲೆ ಇರಲಿ. ಮೊದಲು ಒಂದು ಹಾಳೆಯಲ್ಲಿ ಹೊತ್ತು ಬರೆದುಕೊಳ್ಳಿ. ಬೀಗರು ಎಷ್ಟಕ್ಕೆ ಬರುತ್ತಾರೆ, ಸುರಗಿ (ಮದುಮಕ್ಕಳ ಶಾಸ್ತ್ರದ ಸ್ನಾನ) ಯಾವಾಗ, ಅಕ್ಕಿಕಾಳು (ಮುಹೂರ್ತದ ಅಕ್ಷತೆ) ಎಷ್ಟಕ್ಕೆ, ಹೆಣ್ಣು ಒಪ್ಪಿಸುವುದು ಎಷ್ಟಕ್ಕೆ. ಯಾವ ವಾದ್ಯ, ಎಷ್ಟು ಜನ, ಎಷ್ಟು ತಾಸು ಎಂಬುದನ್ನು ಆ ಹಾಳೆಯೇ ಹೇಳಿಬಿಡುತ್ತದೆ.

ಮಂಟಪದ ಒಳಗೆ ಸನಾದಿಗಿಂತ (ಶಹನಾಯಿಯಂಥ ಊದುವ ವಾದ್ಯ) ಒಪ್ಪುವ ವಾದ್ಯ ನಮ್ಮ ಉತ್ತರ ಕರ್ನಾಟಕದ ಕಡೆ ಇನ್ನೊಂದಿಲ್ಲ. ನುಡಿಸುವವರೊಬ್ಬರು, ಪಕ್ಕದಲ್ಲಿ ಸುರ (ಶ್ರುತಿಯ ಒಂದೇ ಸ್ವರ) ಹಿಡಿಯುವವರೊಬ್ಬರು, ಕೋಲಿನಿಂದ ಬಾರಿಸುವ ಜೋಡಿ ಚರ್ಮವಾದ್ಯವಾದ ಸಂಬಾಳಕ್ಕೊಬ್ಬರು, ತಾಳಕ್ಕೊಬ್ಬರು, ಹೀಗೆ ನಾಲ್ಕು ಜನರಿದ್ದರೆ ಮೇಳ ತುಂಬುತ್ತದೆ. ಖರ್ಚು ಉಳಿಸಲು ಸುರದವರನ್ನು ಬಿಟ್ಟು ಶ್ರುತಿ ಪೆಟ್ಟಿಗೆ ಇಟ್ಟರೂ ನಡೆಯುತ್ತದೆ, ಆದರೆ ಅದಕ್ಕೊಂದು ಮೈಕ್ ಬೇಕು. ಇಲ್ಲದಿದ್ದರೆ ಜನರ ಗದ್ದಲದಲ್ಲಿ ಶ್ರುತಿ ಕೇಳಿಸದೆ ಸ್ವರ ಜಾರುತ್ತದೆ. ಫ್ಯಾನಿನ ಗಾಳಿ ನೇರವಾಗಿ ಬಡಿಯುವ ಜಾಗದಲ್ಲಿ ಅವರನ್ನು ಕೂರಿಸಬೇಡಿ. ಸನಾದಿಯ ತುದಿಯ ಜೊಂಡು ಬಾಯಿಯ ತೇವದಲ್ಲಿ ನೆನೆದಿದ್ದರೇ ಸ್ವರ ಹಿಡಿಯುತ್ತದೆ. ಒಣಗಿದರೆ ಒಡಕು ದನಿ. ಮುಕ್ಕಾಲು ತಾಸಿಗೊಮ್ಮೆ ಹತ್ತು ನಿಮಿಷ ಬಿಡುವು, ಕೈಗೆ ಬಿಸಿ ಚಹಾ ಸಿಗಬೇಕು. ಉಸಿರಿನ ಕೆಲಸ ಅದು.

ಹೊತ್ತಿನ ಮಾತು ಎಲ್ಲಕ್ಕಿಂತ ಹೆಚ್ಚಾಗಿ ರಾಗಕ್ಕೆ ಸಲ್ಲುತ್ತದೆ. ಹಿಂದುಸ್ತಾನಿ ಸಂಗೀತದಲ್ಲಿ ರಾಗಕ್ಕೊಂದು ಹೊತ್ತು. ಬೆಳಗಿನ ಸುರಗಿಗೆ ಭೈರವ ಅಥವಾ ಅಹಿರ ಭೈರವ, ಒಂಬತ್ತರ ಮೇಲೆ ತೋಡಿ, ಜೌನಪುರಿ. ಅಕ್ಕಿಕಾಳು 12.30ಕ್ಕಿದ್ದರೆ ವೃಂದಾವನಿ ಸಾರಂಗ. ನಡುಹಗಲಿನ ಬಿಸಿಲಿಗೂ ಮುಹೂರ್ತದ ಸಡಗರಕ್ಕೂ ಅದು ಹೇಳಿ ಮಾಡಿಸಿದ ರಾಗ. ಗೋಧೂಳಿ ಲಗ್ನವಾದರೆ ಪೂರಿಯಾ ಧನಾಶ್ರೀ, ದೀಪ ಹಚ್ಚಿದ ಮೇಲೆ ಯಮನ, ರಾತ್ರಿಯ ಆರತಕ್ಷತೆಗೆ ಬಿಹಾಗ, ದುರ್ಗಾ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್ ಅವರಂಥ ಹಿಂದುಸ್ತಾನಿ ಗಾಯಕರನ್ನು ಕೇಳುತ್ತ ಬೆಳೆದ ಊರು ನಮ್ಮದು. ಮುಂದಿನ ಸಾಲಿನಲ್ಲಿ ಕೂತ ಹಿರಿಯರೊಬ್ಬರು ಬೆಳಗ್ಗೆ ಎಂಟಕ್ಕೆ ಯಮನ ಕೇಳಿದರೆ ಸುಮ್ಮನಿರಲಾರರು. ಸಂಚಕಾರ (ಮುಂಗಡ ಹಣ) ಕೊಡುವಾಗಲೇ ರಾಗದ ಮಾತೂ ಆಗಲಿ. ಕಲಿತ ವಾದಕರಿಗೆ ಹೀಗೆ ಕೇಳಿದರೆ ಸಂತೋಷವೇ.

ಇಡೀ ದಿನದಲ್ಲಿ ತಪ್ಪು ಹೆಚ್ಚು ಆಗುವುದು ಒಂದೇ ನಿಮಿಷದಲ್ಲಿ. ಮಂಗಲಾಷ್ಟಕದ ಪ್ರತಿ ಪದ್ಯ "ಸಾವಧಾನ"ಕ್ಕೆ ನಿಲ್ಲುತ್ತದೆ, ಜನ ಅಕ್ಕಿಕಾಳು ಹಾಕುತ್ತಾರೆ. ಬಾಜಿ ಜೋರಾಗಿ ಏಳಬೇಕಾದದ್ದು ಕೊನೆಯ ಸಾವಧಾನಕ್ಕೆ. ಆದರೆ ವಾದ್ಯದವರು ಮೂಲೆಯಲ್ಲಿ ಕೂತಿರುತ್ತಾರೆ, ನಡುವೆ ಎದ್ದು ನಿಂತ ನೂರಾರು ಜನ. ವೇದಿಕೆ ಕಾಣದೆ ಮೂರನೆಯ ಪದ್ಯಕ್ಕೇ ಸಂಬಾಳ ಬಾರಿಸಿಬಿಡುತ್ತಾರೆ, ಇಲ್ಲವೇ ಮಾಲೆ ಹಾಕಿ ಮುಗಿದರೂ ಸುಮ್ಮನಿರುತ್ತಾರೆ. ಪರಿಹಾರ ಸಣ್ಣದು. ವೇದಿಕೆಯ ಮೇಲೆ ಎತ್ತರದ ಹುಡುಗನೊಬ್ಬನನ್ನು ಇದಕ್ಕೇ ನಿಲ್ಲಿಸಿ, ಕೈಯಲ್ಲಿ ಕೆಂಪು ವಸ್ತ್ರ ಕೊಡಿ. ಪದ್ಯ ಎಷ್ಟು ಹೇಳುತ್ತೀರಿ ಎಂದು ಅವನು ಅಯ್ಯನವರನ್ನೋ ಭಟ್ಟರನ್ನೋ ಮೊದಲೇ ಕೇಳಿಕೊಂಡಿರಲಿ. ಕೊನೆಯ ಸಾವಧಾನಕ್ಕೆ ವಸ್ತ್ರ ಮೇಲೇರಿತು, ಸಂಬಾಳಕ್ಕೆ ಕೋಲು ಬಿತ್ತು. ಮಂಗಲಾಷ್ಟಕದ ಮೈಕಿಗೆ ಹೊಸ ಸೆಲ್ ಹಾಕಿಸುವುದನ್ನು ಮರೆಯಬೇಡಿ.

ಬೀಗರನ್ನು ಎದುರುಗೊಳ್ಳಲು, ಮೆರವಣಿಗೆಗೆ ಸನಾದಿ ಒಂದೇ ಸಾಲದು. ಬಯಲಿನಲ್ಲಿ ಅದರ ದನಿ ಕರಗಿಹೋಗುತ್ತದೆ. ಅಲ್ಲಿಗೆ ಕರಡಿ ಮಜಲು (ಕರಡಿ ಎಂಬ ಚರ್ಮವಾದ್ಯದ ಮೇಳ) ಅಥವಾ ದೊಡ್ಡ ತಾಳಗಳ ಝಾಂಜ್ ಮೇಳ. ಚರ್ಮದ ಹಲಗಿ ತಂದರೆ ಕಾಸಲು ಜಾಗ ತೋರಿಸಿ. ಪೆಂಡಾಲಿನ ಬಟ್ಟೆಯಿಂದ ಇಪ್ಪತ್ತು ಹೆಜ್ಜೆ ದೂರ, ಗಾಳಿಯ ಮರೆಯಲ್ಲಿ ಒಂದು ಹಿಡಿ ಕಣಿಕೆ, ಹಳೆಯ ಕಾಗದ. ಉರಿಯ ಮೇಲೆ ಹಲಗಿ ತಿರುಗಿಸುತ್ತ, ನಡುನಡುವೆ ಬೆರಳಿನಿಂದ ತಟ್ಟಿ ನೋಡುತ್ತಾರೆ. ಮೊದಲು ಮಂಕಾಗಿ 'ಧಪ್' ಎನ್ನುವ ಚರ್ಮ ಕಾಯುತ್ತ 'ಠಣ್' ಎಂದಾಗ ಎದ್ದು ನಿಲ್ಲುತ್ತಾರೆ. ಹದಿನೈದು ನಿಮಿಷದ ಕೆಲಸ. ಮೇ ತಿಂಗಳ ಅಡ್ಡಮಳೆ ಬಿದ್ದ ಸಂಜೆ ಅರ್ಧ ತಾಸು ಬೇಕು.

ವಚನ ಗಾಯನ, ತತ್ವಪದ, ಭಾವಗೀತೆ ಇಡಿಸುವ ಆಸೆಯಿದ್ದರೆ ಮದುವೆಯ ಹಿಂದಿನ ಸಂಜೆ ಆರೂವರೆಯಿಂದ ಎಂಟು ಒಳ್ಳೆಯ ಹೊತ್ತು. ಆರತಕ್ಷತೆಯ ಹೊತ್ತಿಗೆ ಇಡಿಸಬೇಡಿ. ಜನ ಸಾಲು ಹಿಡಿದು ಫೋಟೊಕ್ಕೆ ನಿಂತಿರುತ್ತಾರೆ, ಹಾಡುವವರಿಗೆ ಎದುರು ಖಾಲಿ ಕುರ್ಚಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಗಾಯಕರು ಈ ಸೀಮೆಯ ತುಂಬ ಇದ್ದಾರೆ. ಅವರ ವಚನ ಗಾಯನ ಕೇಳುವುದೇ ಒಂದು ಭಾಗ್ಯ. ಒಂದೂವರೆ ತಾಸಿಗೆ ಹತ್ತು ಹಾಡು ಸಾಕು. ಹಾಡುವವರಿಗೆ ಎರಡು, ಹಾರ್ಮೋನಿಯಮ್ಮಿಗೆ ಒಂದು, ತಬಲಾಕ್ಕೆ ಎರಡು, ಒಟ್ಟು ಐದು ಮೈಕ್. ಗಂಡು ಹೆಣ್ಣು ಇಬ್ಬರೂ ಹಾಡುವುದಿದ್ದರೆ ಅವರ ಪಟ್ಟಿ (ಹಾಡುವ ಶ್ರುತಿ) ಬೇರೆಬೇರೆ, ತಬಲಾದವರು ಎರಡು ತಬಲಾ ತರಬೇಕು. ಇದನ್ನು ಮೊದಲೇ ಹೇಳದಿದ್ದರೆ ತಬಲಾದ ಶ್ರುತಿ ಕೂಡಿಸಲು ಹಾಡಿಗೊಮ್ಮೆ ಸುತ್ತಿಗೆ ಹಿಡಿದು ಕೂರುತ್ತಾರೆ.

ಸ್ಪೀಕರ್ ಯಾವಾಗಲೂ ಮೈಕಿಗಿಂತ ಮುಂದೆ, ಜನರ ಕಡೆ ಮುಖ ಮಾಡಿರಲಿ. ಹಿಂದೆ ಇಟ್ಟರೆ ಅದರ ದನಿ ಮತ್ತೆ ಮೈಕಿಗೆ ಹೊಕ್ಕು 'ಕುಂಯ್' ಎನ್ನುತ್ತದೆ. ತಗಡಿನ ಮಾಡಿನ ಉದ್ದ ಹಾಲಿನಲ್ಲಿ ಮುಂದೆ ಎರಡು ದೊಡ್ಡ ಸ್ಪೀಕರ್ ಜೋರು ಮಾಡುವ ಬದಲು ನಡುವೆ ಎರಡು ಸಣ್ಣವನ್ನು ಮೆತ್ತಗೆ ಹಚ್ಚಿಸಿ, ಮಾತು ಸ್ಪಷ್ಟವಾಗುತ್ತದೆ. ಅಡಿಗೆಮನೆಯ ಗ್ರೈಂಡರ್ ಲೈನಿನಲ್ಲಿ ಮಿಕ್ಸರ್ ಬೇಡ. ಕರೆಂಟ್ ಹೋಗಿ ಜನರೇಟರ್ ಏಳುವತನಕ ಮಿಕ್ಸರಿಗೆ ಸಣ್ಣ ಯುಪಿಎಸ್ ಇರಲಿ. ಊಟದ ಹಾಲಿನ ಸ್ಪೀಕರ್ ಪೂರ್ತಿ ಬಂದ್ ಮಾಡಿಸಿ. "ಇನ್ನೊಂದು ಹೋಳಿಗಿ ಹಾಕಸ್ಕೋರಿ" ಎಂಬ ಮಾತು ಕೇಳಿಸಬೇಕು.

ಡಿಜೆ ಬೇಕೆನ್ನುವ ಹುಡುಗರಿಗೂ ಹೊತ್ತು ಕೊಡಿ, ಆದರೆ ಎಂಟರಿಂದ ಹತ್ತರೊಳಗೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಸರ್ಕಾರ ಘೋಷಿಸಿದ ಕಡೆ ಕನಿಷ್ಠ 100 ಮೀಟರ್ ಶಾಂತ ವಲಯ. ಠಾಣೆಯ ಅನುಮತಿ ವಾರ ಮೊದಲೇ ತೆಗೆದುಕೊಳ್ಳಿ. ಸಿನಿಮಾ ಹಾಡಿಗೆ ಲೈಸೆನ್ಸ್ ಹಣ ಕೇಳಿ ಯಾರಾದರೂ ಬಂದರೆ ಗಾಬರಿ ಬೇಡ. ಮದುವೆ, ಮೆರವಣಿಗೆ, ಅದರ ಸಂಬಂಧದ ಸಮಾರಂಭಗಳಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲೇ ವಿನಾಯಿತಿ ಇದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನು ಮತ್ತೆ ಸ್ಪಷ್ಟಪಡಿಸಿದೆ.

ಹಣದ ಮಾತು ತಾಸಿನ ಲೆಕ್ಕದಲ್ಲಿ ಬೇಡ, ಕೆಲಸದ ಲೆಕ್ಕದಲ್ಲಿ ಆಗಲಿ: "ಸುರಗಿಯಿಂದ ಹೆಣ್ಣು ಒಪ್ಪಿಸೋತನಕ." ಹೀಗೆ ಹೇಳದಿದ್ದರೆ ಕೊನೆಯ ಪಂಕ್ತಿ ಏಳುವಾಗಲೇ ವಾದ್ಯ ಗಂಟು ಕಟ್ಟಿರುತ್ತಾರೆ. ಅವರ ಊಟ ಎರಡನೆಯ ಪಂಕ್ತಿಯಲ್ಲೇ ಮುಗಿಯಲಿ. ತಾಯಿ ಮಗಳ ಉಡಿ ತುಂಬಿ ಬಾಗಿಲಿಗೆ ಬರುವಾಗ ಸಂಬಾಳ ನಿಲ್ಲಿಸಿ, ಸನಾದಿ ಒಂದರಲ್ಲೇ ಮೆಲ್ಲಗೆ ಭೈರವಿ ಎತ್ತಲು ಹೇಳಿ. ಉಳಿದ ಹಣವನ್ನು ಕಾರು ಹೊರಟ ಮೇಲೆ ಕೈಯಲ್ಲಿಡಿ, ಜೊತೆಗೆ ಎಲೆ ಅಡಿಕೆ, ಒಂದು ಟವೆಲ್ಲು.