ತಗಡಿನ ಮೇಲೆ ಕಾಫಿ ಹೂವು

ಮಡಿಕೇರಿಯಲ್ಲಿ ಮಳೆ ಹಿಡಿದಿದೆ. ತೆಳು ತಗಡಿನಲ್ಲಿ ಉಬ್ಬುಚಿತ್ರ ಒತ್ತಿ, ಅದನ್ನು ಅಂಟಿಸಿ ಕಾರ್ಡ್ ಮಾಡಲು ಒಳ್ಳೆಯ ಕಾಲ, ಅಂಟಿಗೆ ಮಾತ್ರ ಕೆಟ್ಟ ಕಾಲ.

0.1 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಅಥವಾ ತಾಮ್ರದ ತಗಡು ಸಾಕು. ಅಡುಗೆಮನೆಯ ಫಾಯಿಲ್ ಬೇಡ, ಗೆರೆ ಎಳೆಯುವಾಗಲೇ ಹರಿಯುತ್ತದೆ. ತಗಡನ್ನು ಹಳೇ ಮೌಸ್‌ಪ್ಯಾಡ್ ಮೇಲಿಟ್ಟು, ಇಂಕು ಮುಗಿದ ಬಾಲ್‌ಪೆನ್ನಿನಿಂದ ಹಿಂಬದಿಯಿಂದ ಒತ್ತಿ. ಒಂದೇ ಸಲ ಜೋರಾಗಿ ಅಲ್ಲ. ಎಸಳಿನ ನಡುವಿನಿಂದ ಅಂಚಿನ ಕಡೆಗೆ, ಮೂರ್ನಾಲ್ಕು ಸಲ. ಅರೇಬಿಕಾ ಕಾಫಿಯ ಹೂವಿಗೆ ಸಾಮಾನ್ಯವಾಗಿ ಐದೆಸಳು, ತುದಿ ಚೂಪು. ಆಮೇಲೆ ಮಗುಚಿ, ಗಟ್ಟಿ ಹಲಗೆಯ ಮೇಲಿಟ್ಟು ಎಸಳಿನ ಸುತ್ತ ಗೆರೆ ಎಳೆದರೆ ಹೂವು ಎದ್ದು ಬರುತ್ತದೆ. ಅಕ್ಷರವನ್ನು ಹಿಂಬದಿಯಿಂದ ಒತ್ತುವುದಾದರೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು.

ಹಿಂದಿನ ಗುಳಿಯನ್ನು ಹಾಗೇ ಬಿಟ್ಟರೆ ಬೆರಳು ತಾಗಿದರೂ ಹೂವು ಅಪ್ಪಚ್ಚಿ. ಕರಗಿಸಿದ ಮೇಣ ತುಂಬಿ, ಆರಿದ ಮೇಲೆ ಮಟ್ಟಸವಾಗಿ ಕೆರೆಯಿರಿ. ಕೊಡವ ಹೆಂಗಸರ ಕೊರಳ ಸರವಾದ ಜೋಮಾಲೆಯ ಪೊಳ್ಳು ಚಿನ್ನದ ಗುಂಡುಗಳೊಳಗೆ ಅರಗು ತುಂಬಿರುವುದು ನೆನಪಾಗುತ್ತದೆ. ಈ ಪಾಠ ನಮ್ಮ ಅಜ್ಜಿಯರ ಕೊರಳಲ್ಲೇ ಇತ್ತು.

ಕಪ್ಪು ಅಕ್ರಿಲಿಕ್ ಬಣ್ಣ ಬಳಿದು, ಒಣಗುವ ಮೊದಲೇ ಬಟ್ಟೆಯಿಂದ ಒರೆಸಿದರೆ ತಗ್ಗಿನಲ್ಲಿ ಮಾತ್ರ ಕಪ್ಪು ಉಳಿಯುತ್ತದೆ.

ಇನ್ನು ಅಂಟು. ಫೆವಿಕಾಲ್‌ನ ನೀರನ್ನು ತಗಡು ಹೀರುವುದಿಲ್ಲ, ಕಾರ್ಡೇ ಹೀರಿ ಸೊಟ್ಟಗಾಗುತ್ತದೆ. ಈ ತೇವದಲ್ಲಂತೂ ಬೇಗ ಒಣಗುವುದೇ ಇಲ್ಲ. ಮೈದಾ ಅಂಟಿಗೆ ಬೂಸ್ಟು. ಡಬಲ್ ಸೈಡ್ ಟೇಪೇ ಸರಿ. ಪುಸ್ತಕದ ರಟ್ಟಿಗೆ ಹಾಕುವಾಗ ತಗಡಿನ ನಾಲ್ಕೂ ಅಂಚನ್ನು 5 ಮಿ.ಮೀ. ಒಳಕ್ಕೆ ಮಡಚಿ, ಕತ್ತರಿಸಿದ ಅಂಚು ಬ್ಲೇಡಿನಷ್ಟೇ ಹರಿತ.