ಇಷ್ಟೊಂದು ಬಯಲಿರುವಾಗ ಕಸದ ಗುಡ್ಡದ ಮೇಲೆ ಸೋಲಾರ್ ಯಾಕೆ?

ಮದುವೆಗೆ ಹೋದರೂ, ಬಸ್ಸಿನಲ್ಲಿ ಪರಿಚಯದವರು ಸಿಕ್ಕರೂ ಈ ಪ್ರಶ್ನೆ ಬಂದೇ ಬರುತ್ತದೆ. ನಮ್ಮೂರು ಮಧುಗಿರಿ ಕಡೆ. ಸೋಲಾರ್ ಪ್ಯಾನೆಲ್ ನಿಲ್ಲಿಸುವ ಸ್ಟ್ರಕ್ಚರ್ ಕೆಲಸ ನನ್ನದು. ಊರಾಚೆ ಕಸ ಸುರಿದು, ಕೊನೆಗೆ ಮಣ್ಣು ಮುಚ್ಚಿ ಬಿಟ್ಟ ಜಾಗ ಇರುತ್ತಲ್ಲ, ಅಲ್ಲಿ ಸೋಲಾರ್ ಹಾಕಬೇಕು ಅಂತ ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ಅವರು ಕೂಡಲೇ ಕೇಳುತ್ತಾರೆ: "ಪಾವಗಡದಲ್ಲಿ ಅಷ್ಟೊಂದು ಬಯಲಿದೆ. ಅದು ಬಿಟ್ಟು ಕಸದ ಗುಡ್ಡಕ್ಕೆ ಯಾಕಮ್ಮ ಹೋಗ್ತೀಯ?"

ಪಾವಗಡದಿಂದಲೇ ಶುರು ಮಾಡುತ್ತೇನೆ. ಅಲ್ಲಿರುವುದು 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್, ಸುಮಾರು 13,000 ಎಕರೆಯಲ್ಲಿ. ಭೂಮಿಯನ್ನು ಕೊಂಡುಕೊಳ್ಳಲಿಲ್ಲ, ರೈತರಿಂದ ಗುತ್ತಿಗೆಗೆ ಪಡೆದರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ನೆಚ್ಚಿ ಕಡಲೆಕಾಯಿ ಹಾಕಿ ಸೋತವರಿಗೆ ಅದು ದೊಡ್ಡ ಆಸರೆ. ಅದನ್ನು ನಾನು ಯಾವತ್ತೂ ಅಲ್ಲಗಳೆಯುವುದಿಲ್ಲ. ಆದರೆ ಗುತ್ತಿಗೆ ಹಣ ಸಿಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಕಳೆ ಕೀಳಲು ಹೋಗುತ್ತಿದ್ದ ಹೆಂಗಸರ ಹೆಸರಲ್ಲಿ ಪಹಣಿ ಎಲ್ಲಿರುತ್ತದೆ? ಅಲ್ಲಿನ ತಿರುಮಣಿ ಹತ್ತಿರ ಕುರಿ ಕಾಯುವ ಅಜ್ಜ ಒಬ್ಬರು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಮೊದ್ಲು ಬೆಳಿಗ್ಗೆ ಬಿಟ್ರೆ ಸಂಜೆವರ್ಗೂ ಇಲ್ಲೇ ಮೇಯ್ತಿದ್ವಮ್ಮ. ಈಗ ಬೇಲಿ ಸುತ್ಕೊಂಡು ಹೋಗೋದ್ರಲ್ಲೇ ಅರ್ಧ ದಿನ ಆಗೋಯ್ತದೆ."

ಬಯಲು ಅಂದರೆ ಖಾಲಿ ಅಂತಲ್ಲ. ಅದು ಯಾರದೋ ಗೋಮಾಳ, ಕೆರೆಗೆ ನೀರು ಹರಿದು ಬರುವ ದಾರಿ. ಮಳೆ ಬಂದ ವರ್ಷ ಅಲ್ಲೇ ರಾಗಿ, ಹುರುಳಿ ಬೆಳೆಯುತ್ತಾರೆ. ಕಸದ ಗುಡ್ಡಕ್ಕೆ ಈ ಯಾವ ಭಾಗ್ಯವೂ ಇಲ್ಲ. ಅಲ್ಲಿ ಬೆಳೆ ಬೆಳೆಯುವಂತಿಲ್ಲ, ಬೋರ್ ಕೊರೆದು ನೀರು ಕುಡಿಯುವಂತಿಲ್ಲ. ಮುಚ್ಚಿದ ಮೇಲೂ 15 ವರ್ಷ ಅದರ ಮೇಲೆ ಕಣ್ಣಿಡಬೇಕು ಅಂತ 2016ರ ಘನತ್ಯಾಜ್ಯ ನಿಯಮ ಹೇಳಿತ್ತು. ಗಾಳಿ, ನೀರು, ನೆಲ ಎಲ್ಲ ಸರಿಯಿದೆ ಅಂತ ಖಾತ್ರಿಯಾದ ಮೇಲೆಯೇ ಮನೆ ಕಟ್ಟುವ ಮಾತು. ಅಷ್ಟು ವರ್ಷವೂ ಅದರ ಮೇಲೆ ನಮ್ಮ ಬಯಲುಸೀಮೆಯ ಬಿಸಿಲು ಸುಮ್ನೆ ಬೀಳುತ್ತಿರುತ್ತದೆ.

"ಕುಸಿದು ಬೀಳಲ್ವಾ?" ಅನ್ನುವುದು ಮುಂದಿನ ಪ್ರಶ್ನೆ. ಕುಸಿಯುತ್ತದೆ. ಒಂದು ಕಡೆ ಎಳನೀರು ಬುರುಡೆ, ಬಾಳೆ ಎಲೆ ಬಿದ್ದಿರುತ್ತದೆ, ಇನ್ನೊಂದು ಕಡೆ ಒಡೆದ ಗೋಡೆಯ ಇಟ್ಟಿಗೆ. ಕೊಳೆಯುವ ಕಡೆ ಜಾಸ್ತಿ ಇಳಿಯುತ್ತದೆ, ಇಟ್ಟಿಗೆ ಕಡೆ ಅಷ್ಟಾಗಿ ಇಳಿಯುವುದಿಲ್ಲ. ಸಾಲಿನ ಒಂದು ಕಾಲು ತಗ್ಗಿದರೆ ಪ್ಯಾನೆಲ್ ತಿರುಚಿಕೊಂಡು ಗಾಜು ಒಡೆಯುತ್ತದೆ. ಇಳಿತ ಮೊದಲ ವರ್ಷಗಳಲ್ಲೇ ಜಾಸ್ತಿ, ಆಮೇಲೆ ನಿಧಾನವಾಗುತ್ತದೆ. ಅದಕ್ಕೇ ಮುಚ್ಚಿದ ಮರುವರ್ಷವೇ ಹಾಕಬೇಡಿ ಅನ್ನುತ್ತೇನೆ. ಸಾಲುಗಳನ್ನು ಚಿಕ್ಕದಾಗಿಡಬೇಕು, ಎತ್ತರ ಹೊಂದಿಸಬಹುದಾದ ಕಾಲು ಕೊಡಬೇಕು.

ನೆಲದಲ್ಲಾದರೆ ನಾವು ಐದಡಿ ಗುಂಡಿ ತೋಡಿ ಕಂಬ ನಿಲ್ಲಿಸುತ್ತೇವೆ. ಇಲ್ಲಿ ಆ ಅಭ್ಯಾಸವೇ ಅಪಾಯ. ಆ 2016ರ ನಿಯಮದಂತೆ ಮುಚ್ಚಿದ ಗುಡ್ಡದ ಮೇಲೆ ನೀರಿಳಿಯದ ಜೇಡಿಮಣ್ಣು 60 ಸೆಂಟಿಮೀಟರ್, ಅದರ ಮೇಲೆ ನೀರು ಬಸಿದು ಹೋಗುವ ಪದರ 15, ಮೇಲೆ ಹುಲ್ಲು ಬೆಳೆಯುವ ಮಣ್ಣು 45. ಒಟ್ಟು 120 ಸೆಂಟಿಮೀಟರ್, ಸುಮಾರು ನಾಲ್ಕಡಿ. ಐದಡಿ ಕಂಬ ಇಳಿಸಿದರೆ ಮುಚ್ಚಳವೇ ತೂತಾಯಿತು. ಮಳೆನೀರು ಕಸದೊಳಗೆ ಇಳಿದು, ಕಪ್ಪು ನೀರಾಗಿ ಪಕ್ಕದವರ ಬೋರ್‌ವೆಲ್‌ಗೆ ಹೋಗುತ್ತದೆ. ಹಾಗಾಗಿ ನೆಲ ಅಗೆಯದೆ, ಕಾಂಕ್ರೀಟ್ ಬ್ಲಾಕ್‌ಗಳ ಭಾರದ ಮೇಲೆ ಸ್ಟ್ರಕ್ಚರ್ ಕೂರಿಸುತ್ತಾರೆ. ಕೇಬಲ್ಲನ್ನೂ ಹೂಳದೆ, ಮೇಲೆ ಟ್ರೇಯಲ್ಲಿ ಒಂದಿಷ್ಟು ಸಡಿಲ ಬಿಟ್ಟು ಎಳೆಯುತ್ತಾರೆ. ನೆಲ ಇಳಿದಾಗ ತುಂಡಾಗಬಾರದಲ್ವಾ?

ಬೆಂಕಿಯ ಭಯವೂ ಸುಳ್ಳಲ್ಲ. ಕೊಳೆಯುವ ಕಸ ಮೀಥೇನ್ ಬಿಡುತ್ತದೆ. ಅದು ಗಾಳಿಯಲ್ಲಿ ಶೇ 5ರಿಂದ 15ರಷ್ಟು ಸೇರಿದಾಗ ಒಂದು ಕಿಡಿ ಸಾಕು. ಅನಿಲ ಹೊರಹೋಗಲು ಪೈಪ್ ಇರಲೇಬೇಕು, ಇನ್ವರ್ಟರ್ ಮತ್ತು ಟ್ರಾನ್ಸ್‌ಫಾರ್ಮರ್ ಗುಡ್ಡದಿಂದ ದೂರ ಗಟ್ಟಿ ನೆಲದಲ್ಲಿರಬೇಕು. ಸರಿಯಾಗಿ ಮುಚ್ಚದ, ಇನ್ನೂ ಹೊಗೆಯಾಡುವ ಕಸದ ರಾಶಿಯ ಮೇಲೆ ಪ್ಯಾನೆಲ್ ಹಾಕಿ ಅಂದರೆ ನಾನು ಕೈ ಹಾಕುವುದಿಲ್ಲ. ಜರ್ಮನಿಯ ಹ್ಯಾಂಬರ್ಗ್‌ನ ಗಿಯೋರ್ಗ್ಸ್‌ವೆರ್ಡರ್ ಗುಡ್ಡದಿಂದ 1983ರಲ್ಲಿ ಡಯಾಕ್ಸಿನ್ ವಿಷ ಸೋರುತ್ತಿರುವುದು ಗೊತ್ತಾಯಿತು. ಮೊದಲು ಅದನ್ನು ಭದ್ರವಾಗಿ ಮುಚ್ಚಿದರು. ಇವತ್ತು ಅದರ ಮೇಲೆ ಸೋಲಾರ್ ಇದೆ, ಗಾಳಿಯಂತ್ರಗಳೂ ಇವೆ.

ಹಳೇ ಕಸವನ್ನು ಅಗೆದು, ಜರಡಿ ಹಿಡಿದು ಬೇರ್ಪಡಿಸುವ ಬಯೋಮೈನಿಂಗ್ ಆಗುವ ಕಡೆ ಅದೇ ಆಗಲಿ. ಖಾಲಿಯಾದ ಜಾಗದಲ್ಲೂ ತಕ್ಷಣ ಯಾರೂ ಮನೆ ಕಟ್ಟಲ್ಲ, ಸೋಲಾರ್‌ಗೆ ಅದು ಇನ್ನೂ ಒಳ್ಳೆಯ ನೆಲ.

ಇದು ಪಾವಗಡಕ್ಕೆ ಬದಲಿ ಅಲ್ಲ. ಸಮತಟ್ಟು ನೆಲದಲ್ಲಿ 1 ಮೆಗಾವ್ಯಾಟ್‌ಗೆ ನಾಲ್ಕೈದು ಎಕರೆ ಬೇಕು. ಹತ್ತು ಎಕರೆಯ ಗುಡ್ಡದಲ್ಲಿ ಇಳಿಜಾರು, ಪೈಪ್‌ಗಳ ಜಾಗ ಕಳೆದರೆ 1 ಮೆಗಾವ್ಯಾಟ್ ಸಿಕ್ಕರೆ ಹೆಚ್ಚು. ಖರ್ಚೂ ಜಾಸ್ತಿ. ಆದರೆ ನಮ್ಮ ಕಡೆ ಬಿಸಿಲಿಗೆ ಅಷ್ಟರಿಂದಲೇ ವರ್ಷಕ್ಕೆ ಸುಮಾರು 15 ಲಕ್ಷ ಯೂನಿಟ್ ಬರುತ್ತದೆ. ಚಿಕ್ಕ ಊರಿನ ನೀರಿನ ಪಂಪು, ಬೀದಿದೀಪದ ಬಿಲ್ಲಿಗೆ ಇದು ದೊಡ್ಡ ಆಸರೆಯೇ.

ನನ್ನ ಆಸೆ ಕೇಳಿದರೆ, ಮೊದಲ ಪಾಲು ಪೇಟೆಗೆ ಹೋಗಬಾರದು. ಪೇಟೆಯ ಕಸದ ನಾತ, ನೊಣ, ಹೊಗೆಯನ್ನು ಇಷ್ಟು ವರ್ಷ ಸಹಿಸಿದ್ದು ಗುಡ್ಡದ ಪಕ್ಕದ ಹಳ್ಳಿ. ಅವರ ಬಾವಿ, ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಲಿ. ಕೆಟ್ಟಿದ್ದರೆ ಬೇರೆ ಕಡೆಯಿಂದ ಪೈಪ್ ಹಾಕಿಸಿ, ಆ ನೀರೆತ್ತುವ ಮೋಟರಿನ ಬಿಲ್ಲನ್ನು ಈ ಕರೆಂಟಿನ ಲೆಕ್ಕದಲ್ಲೇ ವಜಾ ಮಾಡಲಿ.